ಹಳದಿ ಚೌಕ ಆರಿಸಿದ ಮೇಲೆ

ಆ ದಿನದ ಡೈರಿಯಲ್ಲಿರುವುದು ಎರಡೇ ಸಾಲು. ‘ಎಡಿಟರ್‌ನ ಹಳದಿ ಚೌಕಗಳು ಹೋದವು. ಕಣ್ಣಿಗೆ ತಂಪಾಯಿತು.’ ಬೆಳಿಗ್ಗೆಯೋ ಮಧ್ಯಾಹ್ನವೋ ಬರೆದಿಲ್ಲ. ಅದಕ್ಕೆ ಮುಂಚೆ ಯಾವ ಕೆಲಸದಲ್ಲಿದ್ದೆ, ಆಮೇಲೆ ಯಾವುದನ್ನು ಕೈಗೆತ್ತಿಕೊಂಡೆ ಎಂಬುದೂ ಇಲ್ಲ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಅದಕ್ಕೇ ಬರೆಯುವುದು. ಆದರೆ ನಿಜವಾಗಿ ಬೇಕಾದ ದಿನವೇ ಡೈರಿ ಕೈಕೊಟ್ಟಿತು. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಯಾವುದು ನೆನಪು, ಯಾವುದು ಹೆದರಿಕೊಂಡ ಮೇಲೆ ಮನಸ್ಸು ಕಟ್ಟಿದ್ದು ಎಂದು ನನಗೆ ಗೊತ್ತಿರುವಷ್ಟು ಮಟ್ಟಿಗೆ ಬೇರೆ ಮಾಡಿ ಹೇಳಲು ನೋಡುತ್ತೇನೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ಪೇಂಟ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಇರುವುದು ಇಬ್ಬರೇ, ನಾನು ಮತ್ತು ನನ್ನ ಜೊತೆ ಎಂಎಸ್ಸಿ ಓದಿದ ಗೆಳೆಯ. ಅವನು ಕೋರದಿಂದ ದಿನಾ ಬೈಕಿನಲ್ಲಿ ಬರುತ್ತಾನೆ. ಸಣ್ಣ ಪುಟ್ಟ ಸಂಸ್ಥೆಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ಹೋದ ವರ್ಷ ಬೇಸಿಗೆಯಲ್ಲಿ ಕೈಯಲ್ಲಿದ್ದದ್ದು ಒಂದು ರಕ್ತಪರೀಕ್ಷೆಯ ಲ್ಯಾಬಿನ ಕೆಲಸ. ಲ್ಯಾಬು ತುಮಕೂರಿನಲ್ಲೇ ಇತ್ತು. ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ರಕ್ತ ತೆಗೆಯುವ ಸೆಂಟರ್ ಇದ್ದವು. ಬೆಳಿಗ್ಗೆ ಅಲ್ಲಿ ತೆಗೆದ ರಕ್ತ ಡಬ್ಬಿಯಲ್ಲಿ ತುಮಕೂರಿಗೆ ಬರುತ್ತಿತ್ತು, ಸಂಜೆಯೊಳಗೆ ರಿಪೋರ್ಟು ಆ ಸೆಂಟರಿನಲ್ಲೇ ಪ್ರಿಂಟಾಗುತ್ತಿತ್ತು. ಈ ನಡುವಿನ ಹಾದಿಯೆಲ್ಲ ನಮ್ಮ ಸಾಫ್ಟ್‌ವೇರಿನದು.

ಲ್ಯಾಬಿಗೆ ಬರುವವರಲ್ಲಿ ಒಂದು ಗುಂಪಿಗೆ ಅಲ್ಲಿಯವರು ‘ವಾಲ್ವ್‌ನೋರು’ ಅನ್ನುತ್ತಿದ್ದರು. ಹೃದಯದ ಕವಾಟ ಕೆಟ್ಟು, ಆಪರೇಷನ್ ಮಾಡಿಸಿ ಲೋಹದ ವಾಲ್ವ್ ಹಾಕಿಸಿಕೊಂಡವರು. ಅವರು ಬದುಕಿರುವಷ್ಟು ದಿನವೂ ರಕ್ತವನ್ನು ತೆಳುವಾಗಿಡುವ ಮಾತ್ರೆ ನುಂಗಬೇಕು. ಮಾತ್ರೆಯ ಪ್ರಮಾಣ ಕಡಿಮೆಯಾದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಚ್ಚಾದರೆ ಒಂದು ಸಣ್ಣ ಗಾಯದ ರಕ್ತವೂ ನಿಲ್ಲುವುದಿಲ್ಲ, ಗಾಯವೇ ಇಲ್ಲದೆ ಒಳಗೊಳಗೇ ಸೋರಿದರೂ ಸೋರಿತು. ಅದಕ್ಕೇ ತಿಂಗಳಿಗೊಮ್ಮೆ ಪರೀಕ್ಷೆ. ಬರುವ ಸಂಖ್ಯೆ ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು. ಐದು ದಾಟಿದರೆ ನಮ್ಮ ಸಾಫ್ಟ್‌ವೇರ್ ಎರಡು ಕೆಲಸ ಮಾಡಬೇಕು: ರಿಪೋರ್ಟಿನ ತಲೆಯ ಮೇಲೆ ಕೆಂಪು ಗೀಟು ಎಳೆಯಬೇಕು, ಆ ಹೆಸರನ್ನು ತಕ್ಷಣ ಫೋನ್ ಮಾಡಬೇಕಾದವರ ಪಟ್ಟಿಗೆ ಸೇರಿಸಬೇಕು. ಪಟ್ಟಿ ನೋಡಿದ ಸೆಂಟರಿನವರು ಫೋನ್ ಮಾಡಿ, ಇವತ್ತಿನ ಮಾತ್ರೆ ತಗೋಬೇಡಿ, ಡಾಕ್ಟರ ಹತ್ತಿರ ಹೋಗಿ ಅನ್ನುತ್ತಿದ್ದರು.

ಮೊದಲು ಇದೆಲ್ಲ ಇಂಗ್ಲಿಷಿನಲ್ಲಿತ್ತು, ತೊಂದರೆಯಿಲ್ಲದೆ ನಡೆಯುತ್ತಿತ್ತು. ಕನ್ನಡದಲ್ಲಿ ಬೇಕು ಎಂದು ಹಟ ಹಿಡಿದವರು ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಐವತ್ತೈದು ದಾಟಿದ ಹೆಂಗಸು, ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ರಿಪೋರ್ಟು ಓದುವವರು ಹಳ್ಳಿಯವರು, ಅವರಿಗೆ ಅರ್ಥವಾಗದ ಕಾಗದ ಯಾಕೆ ಕೊಡಬೇಕು ಎಂಬುದು ಅಕ್ಕನ ವಾದ. ಅದು ಸರಿಯಾದ ವಾದವೇ. ಯಾವ ಗುಂಪಿನವರಿಗೆ ಯಾವ ನಿಯಮ ಎಂಬುದನ್ನು ಅವರೇ ಒಂದೊಂದಾಗಿ ಕನ್ನಡದಲ್ಲಿ ಟೈಪ್ ಮಾಡಿ ನನ್ನ ಫೋನಿಗೆ ಕಳಿಸಿದರು. ಅದರಲ್ಲೊಂದು ಸಾಲು: ‘ವಾಲ್ವ್‌ನವರಿಗೆ ಐದು ದಾಟಿದರೆ ಕೆಂಪು ಗೀಟು, ಫೋನ್.’ ಮಾತಿನಲ್ಲಿ ‘ನೋರು’ ಅನ್ನುವವರು ಬರೆಯುವಾಗ ‘ನವರು’ ಎಂದು ಬರೆದಿದ್ದರು.

ಆ ವಾರವೇ ಕೋಡ್ ಬರೆಯುವ ಎಡಿಟರ್ ಅಪ್‌ಡೇಟ್ ಆಯಿತು. ಅದರ ಜೊತೆಗೆ ಒಂದು ಪ್ಲಗಿನ್ ತಾನಾಗಿಯೇ ಬಂದು ಕೂತಿತು. ಕಣ್ಣಿಗೆ ಕಾಣದ ಅಕ್ಷರ ಕೋಡಿನಲ್ಲಿ ಎಲ್ಲಿದ್ದರೂ ಅಲ್ಲೊಂದು ಹಳದಿ ಚೌಕ ಹಾಕಿ ಎಚ್ಚರಿಸುವುದು ಅದರ ಕೆಲಸ. ಇಂಗ್ಲಿಷಿನಲ್ಲಿ ಕೆಲಸ ಮಾಡುವವರು ವರ್ಷಕ್ಕೊಮ್ಮೆ ಅದನ್ನು ನೋಡಿದರೆ ಹೆಚ್ಚು. ಕನ್ನಡದಲ್ಲಿ ಹಾಗಲ್ಲ. ‘ಕುಣಿಗಲ್’ ಎಂದು ಬರೆದು ಮುಂದೆ ‘ನಲ್ಲಿ’ ಸೇರಿಸಿದರೆ ಲಕಾರದ ಕೆಳಗೆ ನಕಾರ ಹೋಗಿ ಒತ್ತಾಗಿ ಕೂರುತ್ತದೆ. ಎರಡೂ ಬೇರೆ ಬೇರೆ ನಿಲ್ಲಬೇಕಾದರೆ ನಡುವೆ ಒಂದು ಕಾಣದ ಅಕ್ಷರ ಹಾಕಬೇಕು. ಕನ್ನಡ ಟೈಪ್ ಮಾಡುವವರ ಬೆರಳುಗಳು ಅದನ್ನು ಯೋಚಿಸದೆಯೇ ಹಾಕುತ್ತವೆ. ಸೆಂಟರ್‌ಗೆ, ಶುಗರ್‌ನವರು, ಫೋನ್‌ನಲ್ಲಿ, ರಿಪೋರ್ಟ್‌ಗಳು... ನಮ್ಮ ಪ್ರತಿಯೊಂದು ಸಾಲಿನಲ್ಲೂ ಮೂರು ನಾಲ್ಕು. ಪ್ಲಗಿನ್ ಅಷ್ಟಕ್ಕೂ ಹಳದಿ ಬಳಿಯಿತು.

ಗೆಳೆಯ ನನ್ನ ಹಿಂದೆ ನಿಂತು ಟೀ ಕುಡಿಯುತ್ತಾ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಅವನೂ ಅದನ್ನೇ ಹೇಳುತ್ತಾನೆ, ಹಾಗಾಗಿ ನಂಬಬಹುದು.

“ಏನಮ್ಮ ಇದು, ನಿನ್ ಸ್ಕ್ರೀನ್‌ಗೆ ಕಾಮಾಲೆ ಬಂದಂಗದೆ. ಔಷಧಿ ಹಾಕ್ಸು.”

ಔಷಧಿ ಹುಡುಕಿದೆ. ಒಂದೊಂದೇ ಚೌಕವನ್ನು ನೋಡಿ, ಇದು ಸರಿ, ಇದು ಸರಿ ಎಂದು ಒಪ್ಪಿಗೆ ಕೊಡುತ್ತಾ ಹೋಗುವ ದಾರಿ ಇತ್ತು. ಕನ್ನಡ ಲಿಪಿಯಿರುವ ಕಡೆ ಮಾತ್ರ ಪದದ ನಡುವಿನ ಚೌಕಗಳನ್ನು ಬಿಟ್ಟುಬಿಡು ಎಂದು ಹೇಳುವ ದಾರಿಯೂ ಹುಡುಕಿದ್ದರೆ ಸಿಗುತ್ತಿತ್ತೇನೋ. ನಾನು ಸೆಟ್ಟಿಂಗ್ಸ್‌ಗೆ ಹೋಗಿ ಆ ಎಚ್ಚರಿಕೆಯನ್ನೇ ಪೂರ್ತಿ ಆರಿಸಿದೆ. ಅಷ್ಟೇ ಅಲ್ಲ, ಗೆಳೆಯನಿಗೂ ಕಾಟ ಬೇಡವೆಂದು ಇಬ್ಬರ ಕಂಪ್ಯೂಟರಿಗೂ ಅನ್ವಯವಾಗುವ ಹಾಗೆ ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಉಳಿಸಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಹಳದಿ ಎಲ್ಲ ಒಂದೇ ಸಲಕ್ಕೆ ಮಾಯವಾಯಿತು. ಡೈರಿಯ ಆ ಎರಡು ಸಾಲು ಬಂದದ್ದು ಆಗ.

ಹೊಸ ಕನ್ನಡದ ಆವೃತ್ತಿ ಲ್ಯಾಬಿಗೆ ಹೋಯಿತು. ಶುಗರ್‌ನವರ ಹೆಸರಿನಲ್ಲಿ ಒಂದು ಸುಳ್ಳು ರಿಪೋರ್ಟು ಮಾಡಿ ನೋಡಿದೆವು. ಕೆಂಪು ಗೀಟು ಬಂತು, ಪಟ್ಟಿಗೆ ಹೆಸರೂ ಸೇರಿತು. ಒಂದು ಗುಂಪಿಗೆ ಸರಿಯಿದ್ದರೆ ಎಲ್ಲ ಗುಂಪಿಗೂ ಸರಿ ಎಂದುಕೊಂಡೆವು. ಎಂದುಕೊಂಡೆ ಎಂದು ಬರೆಯುವುದು ಸರಿ. ಪರೀಕ್ಷೆ ಮಾಡಿದವಳು ನಾನೇ.

ಮೂರು ವಾರ ಕಳೆಯಿತು. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕನ ಫೋನ್ ಬಂತು. ದೂರೇನಿರಲಿಲ್ಲ, ಬೇರೆ ಏನೋ ಕೇಳಲು ಮಾಡಿದ್ದರು. ಮಾತು ಮುಗಿಸುವಾಗ ಹೇಳಿದರು:

“ಅಲ್ಲ ಕಣಮ್ಮ, ಈಗ್ಲೀಗ ವಾಲ್ವ್‌ನೋರು ಒಬ್ರೂ ಫೋನ್ ಪಟ್ಟೀಲಿ ಬರ್ತಾನೇ ಇಲ್ವಲ್ಲ. ಮೊದ್ಲೆಲ್ಲಾ ವಾರಕ್ಕೊಬ್ರಾದ್ರೂ ಇರೋರು. ಎಲ್ಲಾರೂ ನೆಟ್ಟಗಾಗ್ಬುಟ್ರಾ ಹೆಂಗೆ?”

ಅವರು ನಗುತ್ತಲೇ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನಾನು ಕೋಡಿನ ಫೋಲ್ಡರ್ ತೆರೆದಿದ್ದೆ. ಇದು ಆಮೇಲೆ ಸೇರಿಸಿದ್ದಲ್ಲ.

ವಾಲ್ವ್‌ನವರ ನಿಯಮವಿದ್ದ ಸಾಲನ್ನು ತೆರೆದೆ. ಸೆಂಟರಿನವರು ಗುಂಪು ಆಯ್ದುಕೊಳ್ಳುವ ಪಟ್ಟಿಯಲ್ಲಿ ‘ವಾಲ್ವ್’ ಎಂದಿತ್ತು. ನಿಯಮದಲ್ಲೂ ‘ವಾಲ್ವ್’ ಎಂದಿತ್ತು. ಎರಡೂ ಒಂದೇ. ಅಕ್ಷರ ಅಕ್ಷರವಾಗಿ ಓದಿದೆ, ಗೆಳೆಯನನ್ನು ಕರೆದು ಓದಿಸಿದೆ. ಅವನು, ಸರಿಯಾಗಿಯೇ ಇದೆಯಲ್ಲ ಎಂದ. ಆಗ ಕರ್ಸರನ್ನು ಆ ಪದದ ಕೊನೆಗೆ ತಂದು ಬಲಬಾಣದ ಕೀ ಒತ್ತಿದೆ. ಕರ್ಸರ್ ಅಲ್ಲಾಡಲಿಲ್ಲ. ಇನ್ನೊಂದು ಸಲ ಒತ್ತಿದೆ. ಆಗ ಮುಂದೆ ಹೋಯಿತು.

ಪದ ಮುಗಿದ ಮೇಲೂ ಅಲ್ಲೊಂದು ಅಕ್ಷರವಿತ್ತು.

ಎಲ್ಲಿಂದ ಬಂತೆಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕ ಕಳಿಸಿದ ಸಾಲಿನಿಂದ ‘ವಾಲ್ವ್‌ನವರಿಗೆ’ ಎಂಬ ಪದವನ್ನು ಹಾಗೇ ಕಾಪಿ ಮಾಡಿ ನಿಯಮದಲ್ಲಿ ಹಾಕಿ, ಹಿಂದಿನಿಂದ ‘ನವರಿಗೆ’ ಅಳಿಸಿದ್ದೆ. ‘ನವರಿಗೆ’ ಹೋಯಿತು. ಅದನ್ನೂ ವಾಲ್ವನ್ನೂ ಬೇರೆ ನಿಲ್ಲಿಸಲು ನಡುವೆ ಹಾಕಿದ್ದ ಕಾಣದ ಅಕ್ಷರ ಹೋಗಲಿಲ್ಲ, ಪದದ ಬಾಲಕ್ಕೆ ಅಂಟಿಕೊಂಡು ಉಳಿಯಿತು. ಗುಂಪುಗಳ ಪಟ್ಟಿಯಲ್ಲಿದ್ದ ‘ವಾಲ್ವ್’ ನಾನೇ ಹೊಸದಾಗಿ ಟೈಪ್ ಮಾಡಿದ್ದು, ಅದಕ್ಕೆ ಬಾಲವಿಲ್ಲ. ಶುಗರ್ ಗುಂಪಿನ ಹೆಸರನ್ನು ಎರಡೂ ಕಡೆ ನಾನೇ ಟೈಪ್ ಮಾಡಿದ್ದರಿಂದ ಅದು ಸರಿಯಾಗಿತ್ತು. ನಮಗೆ ಎರಡೂ ಒಂದೇ ಪದ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗಾಗಿ ಮೂರು ವಾರದಿಂದ ವಾಲ್ವ್‌ನವರು ಎಂಬ ಗುಂಪೇ ಅದರ ಲೆಕ್ಕದಲ್ಲಿ ಇರಲಿಲ್ಲ. ಅವರ ಸಂಖ್ಯೆ ಎಷ್ಟೇ ಬಂದರೂ ಗೀಟಿಲ್ಲ, ಫೋನಿಲ್ಲ.

ಗೆಳೆಯ ಅಷ್ಟರಲ್ಲಿ ಮೂರು ವಾರದ ರಿಪೋರ್ಟುಗಳನ್ನು ತೆಗೆಯುತ್ತಿದ್ದ. ವಾಲ್ವ್‌ನವರು ಹನ್ನೊಂದು ಜನ ಬಂದು ಹೋಗಿದ್ದರು. ಒಂಬತ್ತು ಜನರ ಸಂಖ್ಯೆ ಸರಿಯಾಗಿತ್ತು. ಇಬ್ಬರದು ಐದು ದಾಟಿತ್ತು. ಒಬ್ಬರು ಗುಬ್ಬಿ ಸೆಂಟರಿನ ಕಡೆ, ನಿಟ್ಟೂರಿನವರು. ಇನ್ನೊಬ್ಬರು ಕುಣಿಗಲ್‌ನಿಂದ ಮುಂದಿನ ಒಂದು ಹಳ್ಳಿಯ ಹೆಂಗಸು. ಅವರ ಸಂಖ್ಯೆ ಏಳು ದಾಟಿತ್ತು. ಏಳು ಪಾಯಿಂಟ್ ಎಂಟು ಎಂದು ನನ್ನ ನೆನಪು. ಡೈರಿಯಲ್ಲಿ ಏಳು ಪಾಯಿಂಟ್ ಎರಡು ಎಂದಿದೆ. ಡೈರಿ ಅವತ್ತೇ ಬರೆದದ್ದು, ಅದೇ ಸರಿಯಿರಬೇಕು. ಹೆದರಿಕೆಯಲ್ಲಿ ಸಂಖ್ಯೆಯೂ ಬೆಳೆಯುತ್ತದೋ ಏನೋ. ಅವರ ರಿಪೋರ್ಟು ಕೊಟ್ಟು ನಾಲ್ಕು ದಿನವಾಗಿತ್ತು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. ಮಾಡಬೇಕಾದದ್ದನ್ನು ಒಂದೊಂದೇ ಹೇಳಿದರು: ನಿಟ್ಟೂರಿನವರನ್ನು ಗುಬ್ಬಿ ಸೆಂಟರಿನವರು ನೋಡಿಕೊಳ್ಳಲಿ, ಕುಣಿಗಲ್‌ನ ಡಾಕ್ಟರಿಗೆ ನಾನು ತಿಳಿಸುತ್ತೇನೆ, ಆ ಹೆಂಗಸಿಗೆ ನೀನು ಫೋನ್ ಮಾಡು. ನಿಟ್ಟೂರಿನವರ ಸುದ್ದಿ ಹತ್ತೇ ನಿಮಿಷದಲ್ಲಿ ಬಂತು. ಅವರು ವಸಡಿನಲ್ಲಿ ರಕ್ತ ಬರುತ್ತಿದೆ ಎಂದು ಎರಡು ದಿನದ ಹಿಂದೆ ತಾವಾಗಿಯೇ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ನಿಲ್ಲಿಸಿ, ಚೇತರಿಸಿಕೊಳ್ಳುತ್ತಿದ್ದರು. ಕುಣಿಗಲ್ ಕಡೆಯ ನಂಬರು ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಕುಣಿಗಲ್ ಸೆಂಟರಿನಲ್ಲಿ ಇದ್ದವರು ಒಬ್ಬರೇ. ಅವರಿಗೆ ಊರಿನ ಹೆಸರು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಸೆಂಟರ್ ಬಿಟ್ಟು ಹೋಗುವ ಹಾಗೂ ಇರಲಿಲ್ಲ.

“ನೀನ್ ಹೊರಡು, ನಾನ್ ಗಾಡಿ ತೆಗೀತೀನಿ” ಎಂದು ಗೆಳೆಯ ಹೆಲ್ಮೆಟ್ ಕೈಗೆ ಕೊಟ್ಟ.

ಹೆಬ್ಬೂರಿನ ಮೇಲೆ ಕುಣಿಗಲ್ ದಾರಿ ಹಿಡಿದೆವು. ಬಿಸಿಲು ಸುಡುತ್ತಿತ್ತು. ನಾಲ್ಕು ದಿನ ಅಂದರೆ ನಾಲ್ಕು ಮಾತ್ರೆ ಎಂದು ಲೆಕ್ಕ ಹಾಕುತ್ತಿದ್ದೆ. ಏಳರ ಮೇಲೆ ನಾಲ್ಕು ಮಾತ್ರೆ ಎಂದರೆ ಈಗ ಎಷ್ಟಾಗಿರಬಹುದು ಎಂಬುದನ್ನು ಯೋಚಿಸದಿರಲು ರಸ್ತೆಯ ಪಕ್ಕದ ಕಲ್ಲುಗಳನ್ನು ಓದುತ್ತಾ ಕೂತೆ. ಎದುರಿನಿಂದ ಒಂದು ಆಂಬುಲೆನ್ಸ್ ತುಮಕೂರಿನ ಕಡೆಗೆ ಕೂಗುತ್ತಾ ಹೋಯಿತು. ಗಾಡಿ ನಿಲ್ಲಿಸಿ ತಿರುಗಿಸು ಎಂದು ಗೆಳೆಯನ ಭುಜ ಹಿಡಿದೆ. ಅವನು ನಿಲ್ಲಿಸಲಿಲ್ಲ. ತಿರುಗಿ ಹೋಗಿ ಯಾರನ್ನು ಏನೆಂದು ಕೇಳುತ್ತಿದ್ದೆ?

ಕುಣಿಗಲ್ ಕೆರೆಯ ಏರಿ ದಾಟಿ, ಒಳರಸ್ತೆಯಲ್ಲಿ ಇನ್ನಷ್ಟು ದೂರ ಹೋದ ಮೇಲೆ ಆ ಹಳ್ಳಿ. ಹಾಲಿನ ಡೈರಿಯ ಕಟ್ಟೆಯ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಹೆಸರು ಹೇಳಿದೆ. ಆ ಹೆಸರಿನವರು ಊರಿನಲ್ಲಿ ಮೂವರಿದ್ದಾರೆ, ಯಾರ ಮನೆಯವರು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಮನೆತನದ ಹೆಸರಿಗೆ ಜಾಗವಿರಲಿಲ್ಲ. ಎದೆ ಆಪರೇಷನ್ ಆದವರು ಎಂದೆ.

“ಓ, ಗಡಿಯಾರದಮ್ಮನಾ” ಎಂದರು. “ಪಕ್ಕದಾಗ್ ಕುಂತ್ಕಂಡ್ರೆ ಟಿಕ್ ಟಿಕ್ ಅಂತ ಕೇಳ್ತದೆ ನೋಡಿ, ಅದ್ಕೇ. ಆ ಕಡೆ ತೋಟದ ಮನೆ. ಎಲ್ಡ್ ದಿವ್ಸದಿಂದ ಹಾಲ್ ಹಾಕಕ್ಕೂ ಬಂದಿಲ್ಲ ಕಣಮ್ಮ ಆವಮ್ಮ.”

ಎರಡು ದಿನದಿಂದ ಬಂದಿಲ್ಲ. ಆ ಮಾತಾದ ಮೇಲೆ ತೋಟದ ಮನೆಯವರೆಗಿನ ದಾರಿ ನನಗೆ ನೆನಪಿಲ್ಲ. ತೆಂಗಿನ ಮರಗಳ ನಡುವೆ ಬೈಕು ಕುಲುಕುತ್ತಿತ್ತು ಎಂದು ಬರೆಯಬಹುದು. ಅಂಥ ದಾರಿಗಳೆಲ್ಲ ಹಾಗೇ ಇರುವುದರಿಂದ ಬರೆಯಬಹುದು, ಅಷ್ಟೇ.

ಮನೆಯ ಮುಂಬಾಗಿಲು ಎಳೆದುಕೊಂಡಿತ್ತು. ಕೂಗಿದೆ, ಉತ್ತರವಿಲ್ಲ. ಹಿತ್ತಲಿನಿಂದ ಟಕ್ ಎಂದು ಒಂದು ಸದ್ದು ಬಂತು. ಸ್ವಲ್ಪ ಬಿಟ್ಟು ಮತ್ತೆ ಟಕ್. ಗೋಡೆ ಬಳಸಿ ಓಡಿದೆ.

ಹಿತ್ತಲಿನ ಚಪ್ಪರದಡಿ ಒಬ್ಬ ಹೆಂಗಸು ಕಾಲು ಚಾಚಿ ಕೂತು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದರು. ಎಡಗೈಯಲ್ಲಿ ಒಣಗಿದ ಕಾಯಿ, ಬಲಗೈಯಲ್ಲಿ ಮಚ್ಚು. ಕಾಯನ್ನು ಬೆರಳುಗಳಲ್ಲೇ ತಿರುಗಿಸುತ್ತಾ, ಬೆರಳ ಪಕ್ಕಕ್ಕೇ ಮಚ್ಚಿನಿಂದ ಏಟು ಕೊಡುತ್ತಿದ್ದರು. ಚಿಪ್ಪು ಹೋಳು ಹೋಳಾಗಿ ಬೀಳುತ್ತಿತ್ತು, ಒಳಗಿನ ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ಈಚೆ ಬರುತ್ತಿತ್ತು. ಒಳ್ಳೆಯ ಕೈ. ಅವರ ಮುಂದೋಳಿನಲ್ಲಿ ಮಾತ್ರ ನೀಲಿಗಟ್ಟಿದ ಕಲೆಗಳಿದ್ದವು, ಅಂಗೈಯಗಲದವು.

ಅಮ್ಮಾ ಎಂದು ಜೋರಾಗಿ ಕೂಗಲು ಬಾಯಿ ತೆರೆದವಳು ಸುಮ್ಮನಾದೆ. ಬೆಚ್ಚಿ ಬಿದ್ದರೆ ಮಚ್ಚು ಬೆರಳಿಗೆ ಬೀಳುತ್ತದೆ. ಸದ್ದು ಮಾಡದೆ ಅವರ ಕಣ್ಣಿಗೆ ಬೀಳುವ ಜಾಗಕ್ಕೆ ಬಂದು ನಿಂತೆ. ಮಚ್ಚು ಇನ್ನೂ ಎರಡು ಸಲ ಮೇಲೇರಿ ಇಳಿಯಿತು. ಎರಡೋ ಐದೋ. ಆಮೇಲೆ ಅವರು ತಲೆಯೆತ್ತಿದರು.

“ಯಾರಮ್ಮ? ಸರ್ವೆನೋರಾ?”

“ಅಲ್ಲ. ಕುಣಿಗಲ್‌ನಲ್ಲಿ ರಕ್ತ ಕೊಟ್ಟಿದ್ರಲ್ಲ, ಆ ಲ್ಯಾಬ್ ಕಡೆಯೋರು. ಮೊದ್ಲು ಆ ಮಚ್ಚು ಕೆಳಗಿಡಿ ಅಮ್ಮ.”

“ಯಾಕೆ? ರಿಪೋಲ್ಟ್ ಬಂತಲ್ಲ, ಚೆನ್ನಾಗದೆ.”

“ಮಚ್ಚು ಇಡಿ, ಹೇಳ್ತೀನಿ.”

ಅವರು ನನ್ನನ್ನೂ ಹಿಂದಿನಿಂದ ಬಂದ ಗೆಳೆಯನನ್ನೂ ನೋಡಿದರು. ಕೈಯಲ್ಲಿದ್ದ ಕಾಯಿಯ ಉಳಿದ ಚಿಪ್ಪನ್ನು ಬಿಡಿಸಿ ಮುಗಿಸಿಯೇ ಮಚ್ಚು ಇಟ್ಟರು. ಆ ಒಂದು ಕಾಯಿ ಮುಗಿಯುವಷ್ಟು ಹೊತ್ತು ನನ್ನ ಬದುಕಿನಲ್ಲಿ ಎಷ್ಟು ಉದ್ದವಿದೆ ಎಂದು ಹೇಳಲಾರೆ.

ಹಾಲು ಹಾಕಲು ಯಾಕೆ ಹೋಗಿಲ್ಲ ಎಂದು ಕೇಳಿದೆ. ಎರಡು ದಿನದಿಂದ ಸುಸ್ತು, ಮೂತ್ರ ಕೆಂಪಗೆ ಹೋಗುತ್ತಿದೆ, ಬಿಸಿಲಿಗೆ ಉಷ್ಣವಾಗಿದೆ ಎಂದು ಎಳನೀರು ಕುಡಿಯುತ್ತಿದ್ದೇನೆ ಎಂದರು. ಕೂತು ಮಾಡುವ ಕೆಲಸವಲ್ಲವೇ ಎಂದು ಕೊಬ್ಬರಿಗೆ ಕೂತದ್ದಂತೆ. ಫೋನು ಕೆಟ್ಟು ಕುಣಿಗಲ್‌ನ ರಿಪೇರಿ ಅಂಗಡಿಯಲ್ಲಿತ್ತು. ಹಾಗಾದರೆ ಲ್ಯಾಬಿನಿಂದ ಫೋನ್ ಬಂದಿದ್ದರೂ ಸಿಗುತ್ತಿರಲಿಲ್ಲವಲ್ಲ ಎಂದು ನನ್ನೊಳಗೆ ಒಂದು ದನಿ ಆಸೆಯಿಂದ ಕೇಳಿತು. ಫೋನು ಯಾವಾಗ ಕೆಟ್ಟದ್ದು ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ. ನಿನ್ನೆ ಎಂದರು. ರಿಪೋರ್ಟು ಬಂದದ್ದು ನಾಲ್ಕು ದಿನದ ಹಿಂದೆ. ಅಂಥ ಹೊತ್ತಿನಲ್ಲಿ ನಾನು ಅದನ್ನು ಕೇಳಿದೆ ಎಂಬುದನ್ನು ಬರೆಯದೆ ಬಿಡಬಹುದಿತ್ತು.

ಪಕ್ಕದ ತೋಟದವರ ಓಮ್ನಿ ಸಿಕ್ಕಿತು. ಗೆಳೆಯ ಬೈಕಿನಲ್ಲಿ ಮುಂದೆ ಹೋದ. ನಾನು ಆ ಅಮ್ಮನ ಜೊತೆ ವ್ಯಾನಿನಲ್ಲಿ ಕೂತೆ. ದಾರಿಯಲ್ಲಿ ಅವರು ಚೀಲದಿಂದ ರಿಪೋರ್ಟು ತೆಗೆದು ತೋರಿಸಿದರು. ನಾನೇ ಜೋಡಿಸಿದ ಕನ್ನಡ ಅಕ್ಷರಗಳು. ಸಂಖ್ಯೆ ಅದರಲ್ಲಿ ಸ್ಪಷ್ಟವಾಗಿಯೇ ಇತ್ತು.

“ನಂಬ್ರ ಎಲ್ಲಾ ನಮ್ಗೆ ತಿಳಿಯಲ್ಲ ಕಣಮ್ಮ. ಕೆಂಪು ಗೀಟಿದ್ರೆ ಮಾತ್ರೆ ಬಿಡ್ಬೇಕು, ಇಲ್ದಿದ್ರೆ ನುಂಗ್ಬೇಕು. ಮೂರ್ ವರ್ಷದಿಂದ ಹಂಗೇ ಮಾಡಿರೋದು. ಈ ಸಲ ಗೀಟಿಲ್ಲ, ಫೋನೂ ಬರ್ನಿಲ್ಲ.”

ಗುಂಡಿಗೆ ಗಾಡಿ ಕುಲುಕಿದಾಗಲೆಲ್ಲ ನಾನು ಅವರ ತಲೆ ಕಿಟಕಿಗೆ ಬಡಿಯದಂತೆ ಕೈ ಅಡ್ಡ ಹಿಡಿಯುತ್ತಿದ್ದೆ. ತಲೆಗೆ ಪೆಟ್ಟು ಬಿದ್ದರೆ ಮುಗಿಯಿತು ಎಂದು ಅಕ್ಕ ಫೋನಿನಲ್ಲಿ ಹೇಳಿದ್ದರು. ಆ ಅಮ್ಮನಿಗೆ ನನ್ನ ಕೈ ಯಾಕಲ್ಲಿದೆ ಎಂದು ಗೊತ್ತಿರಲಿಲ್ಲ. ನಾಚಿಕೆಯಾದವರಂತೆ ಸ್ವಲ್ಪ ಈಚೆ ಸರಿದು, ನೆಟ್ಟಗೆ ಕೂತರು.

ಕುಣಿಗಲ್‌ನ ಆಸ್ಪತ್ರೆಯಲ್ಲಿ ಡಾಕ್ಟರು ಸಿದ್ಧವಾಗಿದ್ದರು. ಇಂಜೆಕ್ಷನ್ ಕೊಟ್ಟರು, ಮತ್ತೆ ರಕ್ತ ತೆಗೆದರು. ಸೂಜಿ ಚುಚ್ಚಿದ ಜಾಗವನ್ನು ನರ್ಸು ಹತ್ತಿಯಿಂದ ಒತ್ತಿ ಹಿಡಿದಿದ್ದರು. ಹತ್ತಿ ಕೆಂಪಾಯಿತು, ಬದಲಿಸಿದರು, ಅದೂ ಕೆಂಪಾಯಿತು. ಒಂದು ಚುಕ್ಕೆಯಷ್ಟು ಗಾಯ. ನಾನು ನೋಡಲಾರದೆ ಹೊರಗೆ ಬೆಂಚಿನ ಮೇಲೆ ಬಂದು ಕೂತೆ. ಅವರು ಉಳಿಯುತ್ತಾರೋ ಇಲ್ಲವೋ ಎಂದು ಡಾಕ್ಟರನ್ನು ಕೇಳಲು ಧೈರ್ಯ ಬರಲಿಲ್ಲ. ತಲೆಯೊಳಗೆ ರಕ್ತಸ್ರಾವವೇನೂ ಆಗಿರುವಂತಿಲ್ಲ, ಎರಡು ದಿನ ಇಲ್ಲೇ ಇರಲಿ, ಸಂಖ್ಯೆ ಇಳಿಯಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದು ಅವರಾಗಿಯೇ ಬಂದು ಹೇಳಿದರು.

ಅಷ್ಟರಲ್ಲಿ ಆ ಅಮ್ಮನ ಗಂಡ ಬಂದರು. ಹೊಲದಿಂದ ನೇರ ಬಂದಿದ್ದರು, ಕಾಲಿನಲ್ಲಿ ಮಣ್ಣಿತ್ತು. ಏನಾಯಿತು ಎಂದು ಕೇಳಿದರು. ಕಂಪ್ಯೂಟರಿನಲ್ಲಿ ಸಮಸ್ಯೆಯಾಗಿತ್ತು ಎಂದು ಹೇಳಿ ತಪ್ಪಿಸಿಕೊಳ್ಳುವುದು ಸುಲಭವಿತ್ತು. ಬ್ಯಾಂಕಿನಲ್ಲಿ, ಆಫೀಸುಗಳಲ್ಲಿ ಎಲ್ಲರೂ ಹೇಳುತ್ತಾರೆ, ಕೇಳಿದವರು ಒಪ್ಪಿಕೊಳ್ಳುತ್ತಾರೆ. ನಾನು, ಬರೆಯುವಾಗ ಒಂದು ಅಕ್ಷರ ತಪ್ಪಾಯಿತು, ಅದಕ್ಕೇ ಕೆಂಪು ಗೀಟು ಬರಲಿಲ್ಲ, ಬರೆದವಳು ನಾನೇ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಅಕ್ಷರ ಬಲ್ಲವರು, ಅರ್ಥ ಮಾಡಿಕೊಳ್ಳಬೇಕು ಎನ್ನುವ ಹಾಗೆ ಪಕ್ಕದಲ್ಲಿ ಕೂತರು.

“ಯಾವಕ್ಸರ?”

“ಅದು ಕಾಣಲ್ಲ.”

“ಕಾಣಲ್ವಾ? ಕಾಣದೇ ಇರೋ ಅಕ್ಸರಾನ ನೀವ್ ಹೆಂಗ್ ಬರದ್ರಿ?”

ಬರೆಯಲಿಲ್ಲ, ಅಳಿಸುವಾಗ ಉಳಿಯಿತು ಎಂದು ಹೇಳಬೇಕಿತ್ತು. ‘ನವರಿಗೆ’ ಎಂಬುದನ್ನು ತೆಗೆದೆ, ಅದರ ಬೆನ್ನಿಗಿದ್ದದ್ದು ಉಳಿದುಕೊಂಡಿತು ಎಂದು. ಆ ಮುಖದೆದುರು ಆ ವಿವರಣೆ ಬಾಯಿಂದ ಹೊರಡಲಿಲ್ಲ. ಅವರು ಇನ್ನೊಂದು ಸಲ ಕೇಳಲಿಲ್ಲ.

ಮರುದಿನ ಸಂಖ್ಯೆ ನಾಲ್ಕಕ್ಕೆ ಇಳಿಯಿತು. ಮೂರನೆಯ ದಿನ ಆ ಅಮ್ಮ ಮನೆಗೆ ಹೋದರು.

ಎಚ್ಚರಿಕೆಗಳನ್ನು ನಾನು ಮೊದಲ ದಿನ ಆಸ್ಪತ್ರೆಯಿಂದ ಬಂದ ಸಂಜೆಯೇ ಮತ್ತೆ ಹಚ್ಚಿದ್ದೆ. ಆ ಸಾಲಿಗೆ ಹೋಗಿ ನೋಡಿದಾಗ ‘ವಾಲ್ವ್’ ಪದದ ನಂತರ ಹಳದಿ ಚೌಕ ಇತ್ತು. ಬೇರೆ ಚೌಕಗಳಂತೆ ಎರಡು ಅಕ್ಷರಗಳ ನಡುವೆ ಅಲ್ಲ, ಪದದಾಚೆ, ಒಂಟಿಯಾಗಿ, ಕಡ್ಡಿಯಷ್ಟು ತೆಳ್ಳಗೆ. ಒಂದು ಸಲ ಕಂಡರೆ ಮರೆಯುವಂಥದ್ದಲ್ಲ. ಅಲ್ಲೇ ನನ್ನ ತೊಂದರೆ ಶುರುವಾದದ್ದು. ಅದನ್ನು ನೋಡಿದ ಕೂಡಲೇ, ಇದನ್ನು ಮೊದಲೇ ನೋಡಿದ್ದೇನೆ ಅನ್ನಿಸಿತು. ಆ ಅಕ್ಷರ ಅಳಿಸಿ, ಸರಿಮಾಡಿದ ಆವೃತ್ತಿಯನ್ನು ಲ್ಯಾಬಿಗೆ ಕಳಿಸಿದ ಮೇಲೂ ಆ ಅನಿಸಿಕೆ ಹೋಗಲಿಲ್ಲ.

ಪ್ರಶ್ನೆ ಸಣ್ಣದು. ಆ ಸಾಲನ್ನು ನಾನು ಬರೆದದ್ದು ಎಚ್ಚರಿಕೆ ಆರಿಸುವ ಮುಂಚೆಯೋ, ಆಮೇಲೋ? ಆಮೇಲೆ ಬರೆದಿದ್ದರೆ ಚೌಕ ನನ್ನ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ನಾನು ಮಾಡಿದ್ದು ಅಜಾಗರೂಕತೆ, ಅಷ್ಟೇ. ಮುಂಚೆ ಬರೆದಿದ್ದರೆ ಆ ಒಂಟಿ ಚೌಕ ನನ್ನ ಮುಂದೆಯೇ ಇತ್ತು, ನೋಡಿದೆ, ಉಳಿದವುಗಳ ಜೊತೆಗೆ ಅದನ್ನೂ ಆರಿಸಿದೆ. ಯಾವ ಬದಲಾವಣೆ ಯಾವಾಗ ಆಯಿತೆಂದು ನಮ್ಮ ಕೋಡಿನ ಚರಿತ್ರೆ ದಾಖಲಿಸಿ ಇಡುತ್ತದೆ. ತೆಗೆದು ನೋಡಿದೆ. ಅವತ್ತು ಇಡೀ ದಿನದ ಕೆಲಸವನ್ನು ಸಂಜೆ ಒಂದೇ ಸಲ ಸೇವ್ ಮಾಡಿದ್ದೆ. ನಿಯಮದ ಸಾಲೂ ಎಚ್ಚರಿಕೆ ಆರಿಸಿದ್ದೂ ಒಂದೇ ಗಂಟೆ, ಒಂದೇ ನಿಮಿಷದ ಹೆಸರಿನಲ್ಲಿವೆ. ಅಕ್ಕನ ಮೆಸೇಜು ಬಂದದ್ದು ಹಿಂದಿನ ದಿನ, ಅದರಿಂದಲೂ ತಿಳಿಯುವುದಿಲ್ಲ.

ಗೆಳೆಯನನ್ನು ಕೇಳಿದೆ. ಅವನು ಟೀ ಕುಡಿಯುತ್ತಾ ನಿಂತಿದ್ದಾಗ ನನ್ನ ಸ್ಕ್ರೀನಿನ ಮೇಲೆ ಯಾವ ಫೈಲು ಇತ್ತು? ಅವನಿಗೆ ನೆನಪಿರಲಿಲ್ಲ.

“ಈಗ್ ಅದ್ನ ತಿಳ್ಕೊಂಡ್ ಏನ್ ಮಾಡ್ತೀಯ? ಆವಮ್ಮ ಚೆನ್ನಾಗವ್ರೆ. ಬುಡು ಅತ್ಲಾಗೆ.”

ಬಿಡಬಹುದಿತ್ತು. ಆದರೆ ಕಣ್ಣು ಮುಚ್ಚಿದರೆ ಆ ತೆಳ್ಳನೆಯ ಚೌಕ ಕಾಣುತ್ತದೆ, ಅದರ ಪಕ್ಕದಲ್ಲಿ ನನ್ನ ಕರ್ಸರ್ ಒಂದು ಕ್ಷಣ ನಿಂತದ್ದೂ ಕಾಣುತ್ತದೆ. ಅದು ಮೊದಲ ದಿನದ ನೆನಪೋ, ಆಸ್ಪತ್ರೆಯಿಂದ ಬಂದ ಸಂಜೆ ನೋಡಿದ್ದೋ ಬೇರೆ ಮಾಡಲಾಗುತ್ತಿಲ್ಲ. ಎರಡು ಸಲವೂ ಅದೇ ಕುರ್ಚಿ, ಅದೇ ಸ್ಕ್ರೀನು, ಅದೇ ಸಾಲು. ನೋಡಿಲ್ಲ ಎಂದುಕೊಂಡರೆ ಸುಳ್ಳು ಹೇಳಿಕೊಂಡಂತೆ ಅನ್ನಿಸುತ್ತದೆ. ನೋಡಿದೆ ಎಂದುಕೊಂಡರೆ ಪಶ್ಚಾತ್ತಾಪದ ನಾಟಕ ಕಟ್ಟಿದಂತೆ ಅನ್ನಿಸುತ್ತದೆ. ಈಗ ಎಡಿಟರ್‌ನಲ್ಲಿ ಹಳದಿ ಚೌಕಗಳು ಹಾಗೇ ಇವೆ. ಕನ್ನಡದ ಪದ ಮುಗಿಯುವ ಕಡೆಯೆಲ್ಲ ಬಲಬಾಣವನ್ನು ಎರಡೆರಡು ಸಲ ಒತ್ತಿ ನೋಡುವುದು ನನಗೆ ರೋಗದಂತೆ ಅಂಟಿಕೊಂಡಿದೆ. ಮನೆಯಲ್ಲಿ ಅಡುಗೆಯ ಚೀಟಿ ಟೈಪ್ ಮಾಡುವಾಗಲೂ ಒತ್ತುತ್ತೇನೆ.

ಆ ಅಮ್ಮ ನನ್ನ ನಂಬರು ಇಟ್ಟುಕೊಂಡಿದ್ದಾರೆ. ಪರೀಕ್ಷೆ ಆದ ಮರುದಿನ ಬೆಳಿಗ್ಗೆ ಪ್ರತಿ ತಿಂಗಳೂ ಫೋನ್ ಮಾಡುತ್ತಾರೆ. ಮೊದಲ ತಿಂಗಳು ಕೇಳಿದ ಮಾತು ಡೈರಿಯಲ್ಲಿ ಹಾಗೇ ಇದೆ.

“ಲ್ಯಾಬ್ನೋರು ಫೋನ್ ಮಾಡ್ಲಿಲ್ಲ ಕಣಮ್ಮ. ಮಾಡ್ಲಿಲ್ಲ ಅಂದ್ರೆ ಚೆನ್ನಾಗದೆ ಅಂತನಾ, ಇಲ್ಲ ಆವತ್ತಿನಂಗೆ ತಪ್ಪಾಗದೆ ಅಂತನಾ?”

ನಾನು ಹೋಗಿ ಲ್ಯಾಬಿನವರೊಡನೆ ಮಾತಾಡಿ, ಸಂಖ್ಯೆ ಸರಿಯಿದ್ದರೂ ವಾಲ್ವ್‌ನವರೆಲ್ಲರಿಗೂ ಫೋನ್ ಹೋಗಬೇಕು ಎಂದು ಮಾಡಿಸಿದೆ. ರಿಪೋರ್ಟಿನಲ್ಲಿ ಕೆಂಪು ಗೀಟಿನ ಜಾಗದಲ್ಲಿ, ಸರಿಯಿದ್ದರೆ ಹಸಿರು ಗೀಟು ಬರುವಂತೆ ಬರೆದೆ. ಏನೂ ಗೀಟಿಲ್ಲದ ರಿಪೋರ್ಟು ಬಂದರೆ ನಂಬಬೇಡಿ ಎಂದು ಆ ಅಮ್ಮನಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಆಗಲಿ ಎಂದರು. ಆದರೂ ಫೋನ್ ನಿಲ್ಲಲಿಲ್ಲ. ಹಸಿರು ಗೀಟು ಬಂದಿದೆ, ಸೆಂಟರಿನವರೂ ಫೋನ್ ಮಾಡಿ ಚೆನ್ನಾಗಿದೆ ಎಂದಿದ್ದಾರೆ ಎಂದು ಅವರೇ ಹೇಳಿ, ಆಮೇಲೂ ನನ್ನನ್ನು ಕೇಳುತ್ತಾರೆ. ನಾನು ಅಕ್ಕನಿಗೆ ಫೋನ್ ಮಾಡಿ, ಮೆಷಿನ್ನಿನಿಂದ ಬಂದ ಚೀಟಿ ಓದಿಸಿಕೊಂಡು ಅವರಿಗೆ ತಿರುಗಿ ಹೇಳುತ್ತೇನೆ.

ಈ ತಿಂಗಳೂ ಹಾಗೇ ಆಯಿತು. ಅಕ್ಕ ಓದಿ ಹೇಳಿದ ಸಂಖ್ಯೆ ಮೂರು. ಆ ಅಮ್ಮನಿಗೆ ತಿರುಗಿ ಫೋನ್ ಮಾಡಿ, ಮೂರು ಇದೆ, ಚೆನ್ನಾಗಿದೆ ಎಂದೆ.

“ನೀವೇ ನೋಡಿದ್ರಾ ತಾಯಿ, ಕಣ್ಣಾರೆ?”

ಹೌದು ಎನ್ನಲು ಒಂದು ಕ್ಷಣ ಸಾಕಿತ್ತು. ಅರ್ಧ ಗಂಟೆ ಬಿಟ್ಟು ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಇವತ್ತಿನ ಮಾತ್ರೆ ತಗೋಬೇಡಿ ಎಂದು ಹೇಳಿ, ಸ್ಕೂಟರಿನ ಕೀ ಹುಡುಕಿಕೊಂಡು ಲ್ಯಾಬಿಗೆ ಹೊರಟೆ.